ಸೈಕಲ್ ಕೆರೆಯ ಎರಡನೇ ತಿರುವು

ದೊಡವಾಡದಿಂದ ಧಾರವಾಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ, ರಸ್ತೆಗೆ ಹಾಕುವ ಗರಸುಮಣ್ಣು ಅಗೆದು ಬಿಟ್ಟ ಒಂದು ಹಳೆಯ ಖಣಿ ಇತ್ತು. ಅದರೊಳಗೆ ನಮ್ಮ ಊರವರು ಸೈಕಲ್ ರೇಸಿನ ಟ್ರ್ಯಾಕು ಕಟ್ಟಿದರು. ಒಳಗೆ ಹೋಗುವ ದಾರಿಯಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಮೇಲಿನ ಸಾಲಿನಲ್ಲಿ ವೆಲೋಡ್ರೋಮ್ ಎಂದಿದೆ, ನಡುವೆ ಊರವರ ಶ್ರಮದಾನ ಎಂದಿದೆ, ಕೆಳಗೆ ‘ನಕ್ಷೆ ಮತ್ತು ಅಳತೆ: ದಿಗಂಬರ ಪುರಾಣಿಕ’ ಎಂದಿದೆ. ಆ ಹೆಸರು ನನ್ನದು. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ನಾನು ಆಚೆ ಬದಿಯ ಕಿಟಕಿ ಹುಡುಕಿಕೊಂಡು ಕೂಡುತ್ತೇನೆ.

ನಾನು ಎಂಜಿನಿಯರ್ ಅಲ್ಲ. ಇದನ್ನು ಮೊದಲ ದಿನವೇ ಎಲ್ಲರ ಎದುರು ಹೇಳಬೇಕಿತ್ತು. ಹಗಲು ಬೈಲಹೊಂಗಲದ ಒಂದು ಅರಳೆ ಅಂಗಡಿಯಲ್ಲಿ ತೂಕದ ಚೀಟಿ ಬರೆಯುತ್ತಿದ್ದೆ. ಎರಡು ವರ್ಷ ಸಂಜೆಯ ಹೊತ್ತು ಧಾರವಾಡಕ್ಕೆ ಹೋಗಿ ಕಟ್ಟಡದ ನಕ್ಷೆ ಬರೆಯುವ ಕೋರ್ಸು ಮುಗಿಸಿದ್ದೆ. ಅಲ್ಲಿ ಕಲಿಸಿದ್ದು ಎರಡು ಖೋಲಿಯ ಮನೆ, ಮೆಟ್ಟಿಲು, ನೀರಿನ ಟಾಕಿ. ದಿನವಿಡೀ ದುಡಿದು ಬಂದು, ಕಣ್ಣು ಎಳೆಯುತ್ತಿರುವಾಗ ಕಲಿತ ವಿದ್ಯೆ. ಅದರಲ್ಲಿ ಯಾವುದೂ ನನಗೆ ಪೂರ್ತಿ ಬಂದಿದೆ ಎನ್ನುವ ಧೈರ್ಯ ನನಗಿರಲಿಲ್ಲ.

1997ರ ಬೇಸಿಗೆಯಲ್ಲಿ ಮಾಳಪ್ಪ ನಮ್ಮ ಮನೆಗೆ ಬಂದ. ಬಸ್ ಸ್ಟ್ಯಾಂಡಿನ ಬದಿಯಲ್ಲಿ ಅವನದು ಸೈಕಲ್ ದುರಸ್ತಿಯ ಅಂಗಡಿ. ಹರೆಯದಲ್ಲಿ ಬಿಜಾಪುರದ ಕಡೆ ಹೋಗಿ ರೇಸಿನಲ್ಲಿ ಓಡಿಸಿ ಬಂದವನು. ಒಂದು ಸಲವೂ ಗೆದ್ದಿರಲಿಲ್ಲ, ಆದರೆ ಆ ಮಾತು ಬಂದರೆ ಅವನ ಕೈಯಲ್ಲಿದ್ದ ಪಾನಾ ಅಲ್ಲೇ ನಿಲ್ಲುತ್ತಿತ್ತು.

“ನೀವ ಎಂಜಿನಿಯರಿಂಗ್ ಕಲ್ತೀರಂತಲ್ರಿ ಸರ,” ಎಂದ.

“ಎಂಜಿನಿಯರಿಂಗ್ ಅಲ್ಲೋ ಮಾಳಪ್ಪ. ನಕ್ಷಾ ತಗಿಯೋದು, ಅಷ್ಟ.”

“ನಕ್ಷಾ ತಗಿಯಾವ್ರ ಎಂಜಿನಿಯರ್ ಅಲ್ಲೇನ್ರಿ? ನಾವೇನ್ ನಿಮಗ ಮಲಪ್ರಭಾಕ್ಕ ಸೇತುವಿ ಕಟ್ರಿ ಅನ್ನಾಕ ಹತ್ತಿಲ್ಲ. ಒಂದು ಉದ್ದಾನ ದುಂಡ ರಸ್ತಾ. ಎರಡೂ ತುದಿಗೆ ಮಣ್ಣ ಏರಿಸೂದು. ನಮ್ಮ ಗಂಗಾ ಅದರಾಗ ಸುತ್ತಬೇಕು.”

ಗಂಗಾ ಅವನ ಅಕ್ಕ ಸಿದ್ದಲಿಂಗವ್ವನ ಮಗಳು. ಒಂಬತ್ತನೇ ಇಯತ್ತೆ ಮುಗಿಸಿದ್ದಳು. ಹೊಲದಿಂದ ಮೇವಿನ ಹೊರೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬರುವಾಗ, ಬರಿಗೈಯಲ್ಲಿ ಸೈಕಲ್ ಹೊಡೆಯುವ ಗಂಡುಹುಡುಗರನ್ನು ಹಿಂದೆ ಹಾಕುವುದನ್ನು ನಾನೂ ನೋಡಿದ್ದೆ. ಮುಂದಿನ ಫೆಬ್ರುವರಿಯಲ್ಲಿ ಬಿಜಾಪುರದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಹದಿನಾರು ತುಂಬದ ಹುಡುಗಿಯರು ಸಾವಿರ ಮೀಟರನ್ನು ಒಂದು ನಿಮಿಷ ಮೂವತ್ತಾರು ಸೆಕೆಂಡಿನೊಳಗೆ ಮುಗಿಸಬೇಕು. ಮುಗಿಸಿದರೆ ಊಟ, ವಸತಿ, ಕಾಲೇಜು ಎಲ್ಲ ಅಲ್ಲಿಯೇ. ಸಿದ್ದಲಿಂಗವ್ವನದು ಒಂದೇ ಮಾತು.

“ಒಂದ ಸಲ ಕಳಸ್ತೇನಿ. ಆತು, ಹೋಗ್ಲಿ. ಆಗ್ಲಿಲ್ಲ, ಆ ಸೈಕಲ್ ನಿನ್ನ ಅಂಗಡ್ಯಾಗ ತೂಗ ಹಾಕು ಮಾಳ್ಯಾ. ರಾಮದುರ್ಗದಾಗ ಆಕಿ ಅತ್ತಿ ದಾರಿ ಕಾಯಾಕ ಹತ್ತ್ಯಾಳ.”

ಆ ಅತ್ತೆಗೆ ಮದುವೆಗೆ ಬಂದ ಮಗನಿದ್ದ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಹೂಂ ಎಂದೆ. ಆಗುವುದಿಲ್ಲ ಎಂದು ಹೇಳಲು ಬೇಕಾದ ಧೈರ್ಯ, ಆಗುತ್ತದೆ ಎಂದು ಹೇಳಲು ಬೇಕಾದುದಕ್ಕಿಂತ ಹೆಚ್ಚಿನದು. ಅದು ನನ್ನಲ್ಲಿ ಇರಲಿಲ್ಲ.

ಕೆಲಸ ಸೋಮವಾರ ಮಾತ್ರ ನಡೆಯುತ್ತಿತ್ತು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹೀಗಾಗಿ ಒಕ್ಕಲಿಗರ ಕೈ ಬಿಡುವಾಗುವುದು ಅಂದೇ. ನಾನೂ ಅಂಗಡಿಯಲ್ಲಿ ರವಿವಾರದ ಬದಲು ಸೋಮವಾರ ಸೂಟಿ ಕೇಳಿಕೊಂಡೆ. ಎತ್ತಿಗೆ ಬಿಡುವು ಕೊಟ್ಟ ಜನ ತಾವೇ ಎತ್ತಾದರು. ಗಂಡಸರು ಹಾರೆ, ಸಲಿಕೆ ತಂದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಕಣದಲ್ಲಿ ಎತ್ತು ಎಳೆಯುವ ಕಲ್ಲಿನ ಗುಂಡನ್ನು ಹನ್ನೆರಡು ಮಂದಿ ಹಗ್ಗ ಹಾಕಿ ಎಳೆದರು.

ಪಂಚಾಯಿತಿಯ ಹಿರಿಯ ಬಸಲಿಂಗಪ್ಪನವರು ಆ ಹಗ್ಗಕ್ಕೆ ಹೆಗಲು ಕೊಟ್ಟು, “ಇವತ್ತ ನಮ್ಮ ಎತ್ತ ಹಿತ್ತಲದಾಗ ನಿಂತ ನಗಾಕ ಹತ್ತ್ಯಾವು,” ಎನ್ನುತ್ತಿದ್ದರು. ಊರಿನಲ್ಲಿ ವೆಲೋಡ್ರೋಮ್ ಎನ್ನುವ ಶಬ್ದ ಯಾರ ನಾಲಿಗೆಗೂ ಹೊಂದಲಿಲ್ಲ. ತಗ್ಗಿನಲ್ಲಿ ಸುತ್ತಲೂ ಏರಿ ಎದ್ದದ್ದನ್ನು ನೋಡಿ ಹೆಂಗಸರು ಸೈಕಲ್ ಕೆರಿ ಎಂದು ಕರೆದರು, ಅದೇ ಉಳಿಯಿತು.

ನನ್ನನ್ನು ಮಾತ್ರ ಎಂಜಿನಿಯರ್ ಸಾಹೇಬ್ರು ಎಂದರು. ಎರಡು ಸಲ ಬೇಡ ಎಂದೆ. ಮೂರನೇ ಸಲ ಅನ್ನಲಿಲ್ಲ.

ನಕ್ಷೆ ಸರಳವಾಗಿತ್ತು. ಒಂದು ಸುತ್ತು ಇನ್ನೂರೈವತ್ತು ಮೀಟರು, ನಾಲ್ಕು ಸುತ್ತಿಗೆ ಸಾವಿರ. ಎರಡು ನೇರ ದಾರಿ, ಎರಡು ತುದಿಗೆ ಅರ್ಧ ದುಂಡಗಿನ ತಿರುವು. ತಿರುವಿನ ನಡುಬಿಂದುವಿನಿಂದ ಅಂಚಿನ ಗೆರೆಗೆ ಇಪ್ಪತ್ತೈದು ಮೀಟರು. ನನ್ನ ಹತ್ತಿರ ಕೋರ್ಸಿನಲ್ಲಿ ಕೊಂಡ ಹದಿನೈದು ಮೀಟರಿನ ಬಟ್ಟೆಯ ಟೇಪು ಇತ್ತು. ಅದು ಸಾಲದು. ಬಸಲಿಂಗಪ್ಪನವರು ತಮ್ಮ ಕೊಟ್ಟಿಗೆಯಿಂದ ಪುಂಡಿನಾರಿನ ಹೊಸ ಹಗ್ಗ ತಂದುಕೊಟ್ಟರು. ಮೊದಲ ಸೋಮವಾರ, ಮೇ ತಿಂಗಳ ಉರಿಬಿಸಿಲಿನಲ್ಲಿ, ಹಗ್ಗವನ್ನು ನೆಲಕ್ಕೆ ಹಾಸಿ ಟೇಪು ಹಿಡಿದು ಮೂರು ಸಲ ಅಳೆದೆ. ಇಪ್ಪತ್ತೈದಕ್ಕೆ ಕೆಂಪು ಬಟ್ಟೆಯ ಚೂರು ಬಿಗಿದೆ. ನಡುವೆ ಗೂಟ ಬಡಿದು, ಹಗ್ಗದ ತುದಿಗೆ ಹಾರೆ ಕಟ್ಟಿ, ಮಾಳಪ್ಪ ಎಳೆಯುತ್ತ ನಡೆದ. ಗರಸಿನ ಮೇಲೆ ಗೆರೆ ಮೂಡಿತು. ಎಲ್ಲರೂ ನಿಂತು ನೋಡಿದರು. ಆ ದಿನ ನನಗೆ ನನ್ನ ಬಗ್ಗೆ ಒಳ್ಳೆಯದೆನಿಸಿತು, ಸುಳ್ಳೇಕೆ ಹೇಳಲಿ.

ಎರಡನೇ ತಿರುವಿನ ಗೆರೆ ಹಾಕಿದ್ದು ಜೂನ್ ನಡುವಿನ ಸೋಮವಾರ. ಅದಕ್ಕೆ ಮುಂಚೆ ನಾಲ್ಕು ದಿನ ಮಳೆ ಹಿಡಿದಿತ್ತು. ಹಗ್ಗ ಖಣಿಯಲ್ಲೇ ಜಾಲಿಗಿಡದ ಬುಡಕ್ಕೆ ಬಿದ್ದಿತ್ತು. ಕೆಂಪು ಬಟ್ಟೆ ಕಟ್ಟಿದಲ್ಲೇ ಇತ್ತು, ಗಂಟು ಜಾರಿರಲಿಲ್ಲ. ಮತ್ತೆ ಅಳೆಯುವ ಕಾರಣ ನನಗೆ ಕಾಣಲಿಲ್ಲ. ಗೆರೆ ಹಾಕಿದೆವು.

ಆಮೇಲೆ ನೇರ ದಾರಿಗಳನ್ನು ಆ ತಿರುವಿಗೆ ಕೂಡಿಸಲು ಹೋದಾಗ ಕೂಡಲಿಲ್ಲ. ಎಡಕ್ಕೂ ಬಲಕ್ಕೂ ನೇರ ದಾರಿಯ ಗೆರೆ ಒಂದೊಂದು ಮೀಟರಿನಷ್ಟು ಹೊರಗೆ ಉಳಿಯಿತು.

ಇಲ್ಲಿ ಬೇರೆ ಯಾರಾದರೂ ಹಗ್ಗವನ್ನು ಅನುಮಾನಿಸುತ್ತಿದ್ದರು. ನಾನು ನನ್ನನ್ನು ಅನುಮಾನಿಸಿದೆ. ಸಂಜೆಯ ತರಗತಿಯಲ್ಲಿ ತೂಕಡಿಸಿದ ದಿನವೇ ಈ ಲೆಕ್ಕ ಕಲಿಸಿರಬೇಕು, ಸೂತ್ರ ತಪ್ಪು ನೆನಪಿಟ್ಟುಕೊಂಡಿದ್ದೇನೆ ಎಂದುಕೊಂಡೆ. ಸುತ್ತಲೂ ನಲವತ್ತು ಜನ ಸಲಿಕೆ ಹಿಡಿದು ನಿಂತಿದ್ದರು.

“ಇಲ್ಲಿಂದ ಅಗಿಯೂಣೇನ್ರಿ ಸಾಹೇಬ್ರ?” ಎಂದು ಬಸಲಿಂಗಪ್ಪನವರು ಕೇಳಿದರು.

ನಾನು ನೇರ ದಾರಿಯ ಗೂಟಗಳನ್ನು ಕಿತ್ತು ಒಂದೊಂದನ್ನೂ ಸ್ವಲ್ಪ ಸ್ವಲ್ಪ ಒಳಗೆ ಸರಿಸಿ ಬಡಿದೆ. ಗೆರೆಗಳು ಕೂಡಿದವು. “ಹೂಂ, ಅಗೀರಿ,” ಎಂದೆ.

ದೀಪಾವಳಿಯ ಹೊತ್ತಿಗೆ ಟ್ರ್ಯಾಕು ಮುಗಿಯಿತು. ಕಣ ಮಾಡುವ ಹಾಗೆ ಗರಸಿಗೆ ನೀರು ಹೊಡೆದು, ಬಡಿದು, ಹೆಂಗಸರು ಸೆಗಣಿ ಹಾಕಿ ಸಾರಿಸಿದರು. ತಿರುವಿನ ಏರಿಯನ್ನು ಸಾರಿಸುವಾಗ ಜಾರಿ ಜಾರಿ ಬಿದ್ದು ನಗುತ್ತಿದ್ದರು. ಗಂಗಾ ದಿನಾ ಸಾಲೆಗೆ ಮುಂಚೆ ಒಂದು ತಾಸು ಓಡಿಸಿದಳು. ಮಾಳಪ್ಪ ಗಡಿಯಾರ ಹಿಡಿದ. ಮೊದಲು ಒಂದು ನಿಮಿಷ ನಲವತ್ನಾಲ್ಕು ಬಂತು, ಆಮೇಲೆ ನಲವತ್ತು. ಜನವರಿಯ ಮೊದಲ ವಾರ ಮೂವತ್ತೈದೂವರೆಯೊಳಗೆ ಬಂದಳು.

ಮಾಳಪ್ಪ ಆ ದಿನ ಅಂಗಡಿ ಮುಚ್ಚಿ ಊರಿಗೆಲ್ಲ ಚಹಾ ಕುಡಿಸಿದ. “ಹುಡುಗಿ ಪಾಸಾದಳು ಅಂತ ತಿಳೀರಿ,” ಎಂದ. “ಇನ್ನ ಹೆಚ್ಚಿಗಿ ದಣಸೂದ ಬ್ಯಾಡ. ಉಂಡ ಮಲಗ್ಲಿ, ಕಾಲಿಗಿ ಎಣ್ಣಿ ತಿಕ್ಕೊಳ್ಳಲಿ. ಆ ದಿನಕ್ಕ ಕಸು ಉಳೀಬೇಕು.”

ಸಂಕ್ರಮಣಕ್ಕೆ ಟ್ರ್ಯಾಕಿನ ಉದ್ಘಾಟನೆ. ಕಲ್ಲು ಕೆತ್ತಿ ಬಂದಾಗಿತ್ತು. ಅಂಚಿಗೆ ಸುಣ್ಣದ ಗೆರೆ ಹಾಕಬೇಕೆಂದು ಕಿತ್ತೂರಿನ ಒಬ್ಬ ಗುತ್ತಿಗೆದಾರನಿಂದ ಐವತ್ತು ಮೀಟರಿನ ಉಕ್ಕಿನ ಟೇಪು ಕೇಳಿ ತಂದೆ. ಬೆಳಿಗ್ಗೆ ಬೇಗ ಒಬ್ಬನೇ ಹೋಗಿ, ಮೊಳೆ ಬಡಿದು, ಅಂಚಿನ ಗುಂಟ ಸುತ್ತಲೂ ಅಳೆದೆ. ಇನ್ನೂರ ನಲವತ್ತೇಳು ಮೀಟರು ತುಂಬಲಿಲ್ಲ. ಮತ್ತೆ ಅಳೆದೆ. ಅಷ್ಟೇ. ನಡುಬಿಂದುವಿನಿಂದ ಅಳೆದೆ. ಮೊದಲ ತಿರುವು ಇಪ್ಪತ್ತೈದಕ್ಕೆ ಸರಿ ಇತ್ತು. ಎರಡನೆಯದು ಇಪ್ಪತ್ನಾಲ್ಕು.

ಸೂತ್ರ ಸರಿಯಾಗಿಯೇ ನೆನಪಿತ್ತು ಎಂದು ತಿಳಿದದ್ದು ಹೀಗೆ.

ಅಲ್ಲೇ ಕೂತು ಲೆಕ್ಕ ಮಾಡಿದೆ. ಒಂದು ಸುತ್ತಿಗೆ ಮೂರು ಮೀಟರಿನ ಮೇಲೆ ಚೂರು ಕೊರತೆ, ನಾಲ್ಕು ಸುತ್ತಿಗೆ ಹನ್ನೆರಡೂವರೆ. ಗಂಗಾಳ ವೇಗಕ್ಕೆ ಒಂದು ಸೆಕೆಂಡಿನ ಮೇಲೆ. ಅವಳು ಪಾಸಾಗಿರಲಿಲ್ಲ. ಅರ್ಧ ಸೆಕೆಂಡು ಹಿಂದೆ ಇದ್ದಳು, ಮತ್ತು ಅದು ಗೊತ್ತಿಲ್ಲದೆ ಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದ್ದಳು. ಆಯ್ಕೆಗೆ ಇನ್ನೂ ಮೂರು ವಾರ ಇತ್ತು. ಅರ್ಧ ಸೆಕೆಂಡು ಇಳಿಸಲು ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ನಾನು ಮಾಳಪ್ಪನ ಅಂಗಡಿಯ ತನಕ ಹೋದೆ. ಅವನು ಗಂಗಾಳ ಸೈಕಲ್ಲಿಗೆ ಹೊಸ ಸರಪಳಿ ಹಾಕುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ. “ಬರ್ರಿ ಸಾಹೇಬ್ರ, ಕುಂದರ್ರಿ. ಈಗ ನಿಮ್ಮ ಮಾತ ಬಂದಿತ್ತು. ಸವದತ್ತಿಯಿಂದ ಇಬ್ಬರು ಮಾಸ್ತರು ಬಂದಿದ್ರು, ಇದನ್ನ ಯಾರ ಅಳದ್ರು ಅಂತ ಕೇಳಿದ್ರು. ನಮ್ಮೂರವ್ರ ಅಂದೆ.”

ನಾನು ಚಹಾ ಕುಡಿದು ಬಂದೆ.

ಬಾಯಿ ಬಿಡದಿದ್ದಕ್ಕೆ ಎಷ್ಟೋ ಕಾರಣ ಕೊಟ್ಟುಕೊಂಡೆ. ಹೇಳಿದರೆ ಹುಡುಗಿ ಹೆದರುತ್ತಾಳೆ. ಅಲ್ಲಿಯ ನೆಲ ಗಟ್ಟಿ ಇರುತ್ತದೆ, ತಾನೇ ಒಂದು ಸೆಕೆಂಡು ಮುಂದೆ ಹೋಗುತ್ತಾಳೆ. ಉಕ್ಕಿನ ಟೇಪೇ ಬಿಸಿಲಿಗೆ ಹಿಗ್ಗಿರಬಹುದು ಎಂದೂ ಒಮ್ಮೆ ಅಂದುಕೊಂಡೆ, ಅಳೆದದ್ದು ಮಂಜಿನ ಬೆಳಿಗ್ಗೆ ಎಂದು ಗೊತ್ತಿದ್ದೂ. ನಿಜವಾದ ಕಾರಣ ಆ ಕಲ್ಲು. ನಮ್ಮ ಮನೆತನದಲ್ಲಿ ಪುರಾಣ ಓದಿದವರಿದ್ದಾರೆ, ಹೆಸರು ಕಲ್ಲಿನ ಮೇಲೆ ಬಂದದ್ದು ನನ್ನದೊಂದೇ. ಅದನ್ನು ನೋಡಲು ನಮ್ಮಪ್ಪ ಕೋಲೂರಿಕೊಂಡು ಅಲ್ಲಿಯ ತನಕ ನಡೆದು ಹೋಗಿದ್ದರು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡೆ. ಟೇಪನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ.

ಬಿಜಾಪುರದಿಂದ ಗಂಗಾ ಮತ್ತು ಮಾಳಪ್ಪ ಶುಕ್ರವಾರ ಸಂಜೆ ತಿರುಗಿ ಬಂದರು. ಒಂದು ನಿಮಿಷ ಮೂವತ್ತಾರು ಸೆಕೆಂಡು, ಮೇಲೆ ಹತ್ತರಲ್ಲಿ ಏಳು ಪಾಲು. ಮುಕ್ಕಾಲು ಸೆಕೆಂಡು ಪೂರ್ತಿ ಇರಲಿಲ್ಲ, ಅಷ್ಟರಿಂದ ತಪ್ಪಿತು.

ಮರುದಿನ ಅವಳೇ ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೆ ನಿಂತಳು. ಕಣ್ಣು ಬಾತಿದ್ದವು, ಮಾತು ಮಾತ್ರ ಗಟ್ಟಿ ಇತ್ತು.

“ಸರ, ಒಂದ ಕೇಳ್ಲೇನ್ರಿ? ನಾ ಓಡಿಸೂಮುಂದ ಬಲಗಾಲಿನ ತುಳತ ಎಣಸ್ತೇನಿ. ನಮ್ಮ ಟ್ರ್ಯಾಕಿನಾಗ ನಾಕ ಸುತ್ತಿಗೆ ನೂರಾ ಎಂಬತ್ತಮೂರು. ದಿನಾ ಅಷ್ಟ ಬರತಿತ್ತು. ಕಡೀ ಇಪ್ಪತ್ತ ತುಳತಕ್ಕ ಇದ್ದ ಬಿದ್ದ ಕಸು ಎಲ್ಲಾ ಹಾಕ್ತೇನಿ. ಅಲ್ಲೂ ಹಂಗ ಮಾಡೇನಿ. ನೂರಾ ಎಂಬತ್ತಮೂರು ಆತು, ಕಣ್ಣ ತಗದ ನೋಡತೇನಿ, ಗೆರಿ ಇನ್ನಾ ಮುಂದ ಐತಿ. ಕಾಲಾಗ ಏನೂ ಉಳದಿರಲಿಲ್ರಿ. ಎರಡ ತುಳತ ಜೋರ ತುಳ್ಯಾಕ ಆಗಲಿಲ್ಲ.” ಆಮೇಲೆ ಕೇಳಿದಳು. “ನಮ್ಮ ಟ್ರ್ಯಾಕು ಸರೀ ಐತೇನ್ರಿ?”

ಉತ್ತರ ನನ್ನ ಟ್ರಂಕಿನಲ್ಲಿ, ನಾಲ್ಕು ಹೆಜ್ಜೆ ಹಿಂದೆ ಇತ್ತು. ನಾನು ಹೇಳಿದೆ, “ಟ್ರ್ಯಾಕು ಸರಿ ಅದವಾ. ಗಾಬರಿಯೊಳಗ ನೀ ಎಣಿಸೋದ್ರಾಗ ತಪ್ಪಿರಬೇಕು.”

ಅವಳು ತಲೆ ತಗ್ಗಿಸಿದಳು. “ಹೌದೇನ್ರಿ. ಇರಬೇಕು ಬಿಡ್ರಿ. ನನ್ನ ಎಣಿಕೀನ ತಪ್ಪಿರಬೇಕು.”

ಆ ಮಾತು ನನ್ನದು. ಗೂಟ ಕಿತ್ತು ಸರಿಸುವಾಗ ನಾನು ನನಗೇ ಹೇಳಿಕೊಂಡ ಮಾತು. ಅದನ್ನು ಎತ್ತಿ ಆ ಹುಡುಗಿಯ ತಲೆಯ ಮೇಲೆ ಇಟ್ಟಿದ್ದೆ. ಅವಳು ಸುಮ್ಮನೆ ಹೊತ್ತುಕೊಂಡು ಹೋದಳು. ಈ ಕಥೆಯಲ್ಲಿ ನಾನು ಮಾಡಿದ ಎಲ್ಲದಕ್ಕಿಂತ ಇದೇ ಕೆಟ್ಟದ್ದು. ಎಷ್ಟೋ ವರ್ಷದ ನಂತರವೂ, ತೂಕದ ಚೀಟಿ ಬರೆಯುತ್ತ ಕೂತಾಗ ಇದ್ದಕ್ಕಿದ್ದಂತೆ ನೆನಪಾಗಿ ಕಿವಿ ಬಿಸಿಯಾಗುತ್ತವೆ.

ಸೋಮವಾರ ಟ್ರ್ಯಾಕು ಸಾರಿಸಲು ಜನ ಸೇರಿದ್ದರು. ಸಿದ್ದಲಿಂಗವ್ವ ಸೆಗಣಿಯ ಬುಟ್ಟಿ ತಂದಿದ್ದಳು. ಯಾರೂ ಬಿಜಾಪುರದ ಮಾತೆತ್ತಲಿಲ್ಲ. ಗಂಗಾ ತಾನೇ ನಡುವೆ ಬಂದು ನಿಂತಳು.

“ಎಲ್ಲಾರೂ ನನ್ನ ಸಲುವಾಗಿ ಮಣ್ಣ ಹೊತ್ರಿ,” ಎಂದಳು. “ನಾ ಎಣಿಕಿ ತಪ್ಪಿ ಊರ ಹೆಸರ ಕೆಡಿಸಿ ಬಂದೆ. ತಪ್ಪಾತ್ರಿ.” ಬಗ್ಗಿ ನೆಲ ಮುಟ್ಟಿದಳು.

“ಏಳವಾ, ನಿನಗ್ಯಾರ ಏನಂದಾರ,” ಎಂದರು ಬಸಲಿಂಗಪ್ಪನವರು.

ನನ್ನ ಚೀಲದಲ್ಲಿ ಟೇಪು ಇತ್ತು. ಆ ಬೆಳಿಗ್ಗೆ ಯಾಕೆ ಹಾಕಿಕೊಂಡು ಬಂದಿದ್ದೆನೋ, ಕಿತ್ತೂರಿಗೆ ಹೋಗಿ ಕೊಟ್ಟುಬಿಡಬೇಕೆಂದೋ, ನನಗೇ ಖಾತ್ರಿ ಇರಲಿಲ್ಲ. ಅದನ್ನು ತೆಗೆದೆ.

“ಆಕೀ ಎಣಿಕಿ ತಪ್ಪಿಲ್ಲ,” ಎಂದೆ. “ಟ್ರ್ಯಾಕು ಗಿಡ್ಡ ಅದ. ನಾ ತಪ್ಪು ಅಳದೇನಿ. ಸಂಕ್ರಮಣಕ್ಕಿಂತ ಮೊದಲ ನನಗ ಗೊತ್ತಾಗಿತ್ತು. ಹೇಳಲಿಲ್ಲ. ಮೊನ್ನೆ ಆಕಿ ಬಂದು ಕೇಳಿದಾಗೂ ಸುಳ್ಳು ಹೇಳಿದೆ.”

ಎರಡನೇ ತಿರುವಿನ ಬಗ್ಗೆ, ಮಳೆಯ ಬಗ್ಗೆ, ಹಗ್ಗದ ಬಗ್ಗೆ ಹೇಳಿದೆ. ಗೂಟ ಸರಿಸಿದ್ದನ್ನೂ ಹೇಳಿದೆ. ಬಸಲಿಂಗಪ್ಪನವರು ಆ ತಿರುವಿನ ಏರಿಯ ಕಡೆ ನೋಡಿದರು.

“ನಾರಿನ ಹಗ್ಗ ತೊಯ್ದ್ರ ಗಿಡ್ಡ ಆಕ್ಕೈತ್ರಿ,” ಎಂದರು. “ಮಳಿಯಾಗ ಎತ್ತ ಕಟ್ಟೂಮುಂದ ನಾವು ಸಡಲ ಬಿಟ್ಟ ಕಟ್ಟತೇವಿ, ಇಲ್ಲಂದ್ರ ಕುತ್ತಿಗಿಗಿ ಬಿಗೀತೈತಿ. ಒಕ್ಕಲಿಗರ ಮನ್ಯಾಗ ಇದು ಕೂಸಿಗೂ ಗೊತ್ತು. ಅವತ್ತ ಹಗ್ಗ ತೊಯ್ದದ್ದ ನಾ ನೋಡೇನಿ. ಎಂಜಿನಿಯರ್ ಸಾಹೇಬ್ರಿಗೆ ನಾ ಏನ್ ಹೇಳೂದು, ಅದರದೂ ಲೆಕ್ಕ ಹಿಡದಿರತಾರ ಅಂತ ಸುಮ್ನಾದೆ.” ನನ್ನ ಕಡೆ ತಿರುಗಿ, “ನೀವರ ಒಂದ ಮಾತ ಕೇಳಬೇಕಿತ್ತು,” ಎಂದರು.

ಮಾಳಪ್ಪ ನನ್ನ ಕಡೆ ನೋಡಲಿಲ್ಲ. ಸಿದ್ದಲಿಂಗವ್ವ ಅವನನ್ನು ಕೇಳಿದಳು, “ಮತ್ತೊಮ್ಮೆ ಹೋಗಾಕ ಬರತೈತೇನು?”

“ಮುಂದಿನ ಆಯ್ಕಿ ಮುಂದಿನ ವರ್ಷ. ಅಷ್ಟರಾಗ ಹದಿನಾರ ದಾಟತೈತಿ.”

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ನನಗೆ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ನಾ ಒಂದ ಸಲ ಅಂದಿದ್ದೆ ಆಚಾರ್ರ,” ಎಂದಳು. ಸಾಹೇಬ್ರು ಎನ್ನಲಿಲ್ಲ. “ಆ ಒಂದ ಸಲಾನೂ ಆಕಿಗಿ ಸಿಗಲಿಲ್ಲ.”

ಗಂಗಾ ಬಂದು ನನ್ನ ಕೈಯಿಂದ ಟೇಪಿನ ತುದಿ ತೆಗೆದುಕೊಂಡು, ಗೆರೆಯ ಮೇಲೆ ಕೂತು ಮೊಳೆಗೆ ಒತ್ತಿ ಹಿಡಿದಳು. “ಅಳೀರಿ,” ಎಂದಳು.

ಐವತ್ತು ಐವತ್ತರಂತೆ ಅಂಚಿನ ಗುಂಟ ಅಳೆದೆವು. ಒಂದೊಂದು ಸಲವೂ ಅವಳು ಗಟ್ಟಿಯಾಗಿ ಲೆಕ್ಕ ಹೇಳುತ್ತಿದ್ದಳು. ಐವತ್ತು. ನೂರು. ನೂರಾ ಐವತ್ತು. ಜನ ನಮ್ಮ ಜೊತೆ ಹೆಜ್ಜೆ ಹಾಕಿದರು. ಇನ್ನೂರು ದಾಟಿ ಕೊನೆಯ ತುಂಡು ಮುಗಿದಾಗ ಟೇಪು ನನ್ನ ಕೈಯಲ್ಲಿತ್ತು.

“ಎಷ್ಟ ಬಂತ್ರಿ?”

ಹೇಳಿದೆ.

“ಎಲ್ಲಾರಿಗೂ ಕೇಳಸೂಹಂಗ ಹೇಳ್ರಿ ಸರ.”

“ಇನ್ನೂರಾ ನಲವತ್ತಾರು ಮೀಟರು, ಎಂಬತ್ತಾರು ಸೆಂಟಿಮೀಟರು,” ಎಂದೆ. ತಗ್ಗಿನಲ್ಲಿ ಧ್ವನಿ ಏರಿಗೆ ಬಡಿದು ತಿರುಗಿ ಬಂತು.

“ಆತು,” ಎಂದರು ಬಸಲಿಂಗಪ್ಪನವರು. “ಮತ್ತ ಅಗಿಯೂದು. ಹಾರಿ ತರ್ರಿ.”

ಯುಗಾದಿಯ ತನಕ ಏಳು ಸೋಮವಾರ ಹಿಡಿಯಿತು. ನಾನೂ ಬುಟ್ಟಿ ಹೊತ್ತೆ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕಲ್ಲಿನ ಮೇಲಿನ ನನ್ನ ಹೆಸರನ್ನು ಕೆತ್ತಿ ತೆಗೆಸಬೇಕೆಂದು ಬಸಲಿಂಗಪ್ಪನವರನ್ನು ಕೇಳಿದೆ. “ಯಾಕ್ರಿ? ಇರ್ಲಿ. ಅಳದಾವ್ರು ಯಾರು ಅಂತ ಯಾರರ ಕೇಳಿದ್ರ ತೋರಸಾಕ ಬೇಕಲ್ಲ,” ಎಂದರು. ಅದು ಚೇಷ್ಟೆಯೋ ಅಲ್ಲವೋ ಅವರ ಮುಖದಿಂದ ಗೊತ್ತಾಗಲಿಲ್ಲ.

ತಿರುವು ಸರಿಯಾದ ಮೇಲೆ ಗಂಗಾ ಒಂದು ದಿನ ಸೈಕಲ್ ತಂದಳು. ಮಾಳಪ್ಪ ಗಡಿಯಾರ ತೆಗೆಯಲು ಹೋದ, ಅವಳು ಬೇಡ ಎಂದಳು. ನಾಲ್ಕು ಸುತ್ತು ಓಡಿಸಿದಳು. ಕೊನೆಯ ಸುತ್ತಿನಲ್ಲಿ ತುಟಿ ಅಲುಗುತ್ತಿದ್ದುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ಗೆರೆ ದಾಟಿ, ಏರಿಯ ಮೇಲೊಮ್ಮೆ ಸುತ್ತಿ ವೇಗ ಇಳಿಸಿ, ನೇರ ನನ್ನ ಮುಂದೆ ಬಂದು ಒಂದು ಕಾಲು ಊರಿ ನಿಂತಳು. ಉಸಿರು ಹಿಡಿಯುವ ತನಕ ನನ್ನ ಮುಖವನ್ನೇ ನೋಡಿದಳು.

“ನೂರಾ ಎಂಬತ್ತೈದು,” ಎಂದಳು.

“ನಿನ್ನ ಎಣಿಕಿ ಖರೇನ ಇತ್ತವಾ,” ಎಂದೆ.

“ಗೊತ್ತಿತ್ರಿ,” ಎಂದಳು. ಸೈಕಲ್ ತಿರುಗಿಸಿ, ಅಂಗಡಿಯಲ್ಲಿ ತೂಗುಹಾಕಲೆಂದು ಮಾಳಪ್ಪನ ಕೈಗೆ ಕೊಟ್ಟು, ನಡೆದುಕೊಂಡೇ ಮನೆಗೆ ಹೋದಳು.